ಗರುಡಮೂಗು

"ಗರುಡಮೂಗು."

ಕೆಂಚವ್ವ ಸಾಯುವಾಗ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಜ್ವರ ಏರಿ ಕಣ್ಣು ಕಾಣದಾಗಿತ್ತು. ಕೈ ಎತ್ತಿ ಅವನ ಮುಖ ತಡವಿದಳು. ಅಷ್ಟು ಹೇಳಿದಳು. ಹೋದಳು.

ಗಂಡ ಮೈಲಪ್ಪ ಹೊಳೆಯಲ್ಲಿ ಹರಿಗೋಲು ಹಾಕುವವನು. ಆಚೆ ದಡದವರು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ಗರುಡಮೂಗೂ, ಆ ಮೂಗನ್ನೇ ಹುಟ್ಟು ಮಾಡ್ಕೊಂಡು ಬಾರೋ!" ಎಂದು ಕೂಗಿ ನಗುವರು. ಹಾಗೆ ಕೂಗಿದವರನ್ನು ಅವನು ಬಿಸಿಲಲ್ಲೇ ನಿಲ್ಲಿಸುತ್ತಿದ್ದ. ಮೈಲಪ್ಪ ಎನ್ನುವ ತನಕ ಹರಿಗೋಲು ನೀರಿಗೆ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಆ ಮಾತು ಇರಲಿಲ್ಲ. ಗಂಡನ ಹೆಸರು ಬಾಯಲ್ಲಿ ತರದ ಕೆಂಚವ್ವ ಈ ಹೆಸರನ್ನೂ ತಂದವಳಲ್ಲ. ಕೊನೆಗೆ ಅವಳೂ ಅಂದಳು.

ಹೆಂಡತಿಯ ದಿನಕರ್ಮ ಮುಗಿಸಿ ಮೈಲಪ್ಪ ಮಠಕ್ಕೆ ಹೋದ. ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಕೂತ.

"ಅಜ್ಜಾರೇ, ಗರುಡಮೂಗು ಅಂದರೆ ಬೈಗುಳವೋ, ಹೊಗಳಿಕೆಯೋ? ಇಷ್ಟು ವರ್ಷ ಅವಳು ಒಳಗೊಳಗೇ ನಗುತ್ತಾ ನನ್ನ ಜೊತೆ ಬಾಳಿದಳೋ? ಅದು ಗೊತ್ತಾಗದೆ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ."

"ಆ ಮಾತು ಹುಟ್ಟಿದ ಕತೆ ಹೇಳುತ್ತೇನೆ, ಕೇಳು" ಎಂದರು ಅಜ್ಜನವರು.

ಒಬ್ಬ ಬಡಗಿ ಇದ್ದ. ಅವನಿಗೆ ಒಬ್ಬನೇ ಮಗ. ಮಗನ ಮೂಗು ನಡುವೆ ಉಬ್ಬಿ ತುದಿಯಲ್ಲಿ ಬಾಗಿತ್ತು. ಆಗ ಅಂಥ ಮೂಗಿಗೆ ಹೆಸರಿರಲಿಲ್ಲ. ಮಗ ಹೊಳೆಯಲ್ಲಿ ಮುಳುಗಿದ. ಹೆಣ ಸಿಗಲಿಲ್ಲ. ಅದೇ ಕಾಲಕ್ಕೆ ಊರವರು, ಗುಡಿಗೊಂದು ಗರುಡನನ್ನು ಕೆತ್ತಿಕೊಡು ಎಂದರು. ಬಡಗಿ ರೆಕ್ಕೆ ಕೆತ್ತಿದ, ಉಗುರು ಕೆತ್ತಿದ. ಮುಖಕ್ಕೆ ಬಂದಾಗ ಕಣ್ಣು ಮುಚ್ಚಿ, ಬೆರಳಿಗೆ ನೆನಪಿದ್ದ ಮೂಗನ್ನು ಕೆತ್ತಿದ.

ಪೂಜಾರಿ ನೋಡಿದ. "ಏನಯ್ಯಾ, ಗರುಡನಿಗೆ ಮನುಷ್ಯನ ಮೂಗು ಇಟ್ಟಿದ್ದೀಯಲ್ಲ!"

"ನೀವು ಗರುಡನನ್ನು ಕಂಡಿದ್ದೀರಾ, ಸ್ವಾಮಿ?"

ಪೂಜಾರಿ ಗರುಡನನ್ನು ಗುಡಿಯೊಳಗೆ ಇಡಿಸಿದ.

ಬಡಗಿಯ ಹೆಂಡತಿ ಅತ್ತು ಅತ್ತು ಕಣ್ಣು ಕಳೆದುಕೊಂಡಿದ್ದಳು. ಗುಡಿಗೆ ಬಂದು ಗರುಡನನ್ನು ತಡವಿದಳು. ಬೆರಳು ಮೂಗಿನ ಮೇಲೆ ನಿಂತಿತು. ಸತ್ತ ಮಗನ ಹೆಸರನ್ನು ದೇವರ ಮುಂದೆ ಕೂಗಲು ಬಾಯಿ ಬರಲಿಲ್ಲ. "ಗರುಡಮೂಗು" ಎಂದಳು. ದಿನವೂ ಬಂದಳು, ದಿನವೂ ತಡವಿ ಅದನ್ನೇ ಅಂದಳು. ಮಾತು ಬಾಯಿಂದ ಬಾಯಿಗೆ ಹೋಯಿತು. ಬಾಗಿದ ಮೂಗು ಕಂಡಲ್ಲೆಲ್ಲ ಜನ ಹಾಗೆಂದರು. ನಗಲಿಕ್ಕೂ ಅಂದರು. ಅವಳು ಸಾಯುವ ಹೊತ್ತಿಗೆ ಗರುಡನ ಮುಖ ಅಂಗೈಯಂತೆ ಚಪ್ಪಟೆಯಾಗಿತ್ತು. ಮೂಗು ಸವೆದುಹೋಯಿತು. ಮಾತು ಉಳಿಯಿತು.

ಕತೆ ನಿಂತಿತು. ಮೈಲಪ್ಪನಿಗೆ ಸಮಾಧಾನವಾಗಲಿಲ್ಲ.

"ಅದು ಆ ತಾಯಿಯ ಮಾತಾಯಿತು, ಅಜ್ಜಾರೇ. ನನ್ನವಳು ಯಾಕೆ ಅಂದಳು?"

"ಅನ್ನುವಾಗ ಅವಳ ಬೆರಳು ಎಲ್ಲಿತ್ತು, ಮೈಲಪ್ಪಾ?"

ಮೈಲಪ್ಪ ತನ್ನ ಮೂಗು ಮುಟ್ಟಿಕೊಂಡ. ಎದ್ದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಆಚೆ ದಡದಿಂದ ಯಾರೋ ಕೂಗಿದರು. "ಏ ಗರುಡಮೂಗೂ!"

"ಓ" ಎಂದ ಮೈಲಪ್ಪ. ಹರಿಗೋಲನ್ನು ನೀರಿಗೆ ತಳ್ಳಿದ.