ಉಗುಳದ ಗುಟುಕು

“ಗುರುಗಳೇ, ನಾಳೆಯಿಂದ ಈ ಪಾಠಶಾಲೆ ಇಲ್ಲ. ಇವತ್ತಿನ ಬೀಳ್ಕೊಡುಗೆ ಊಟದಲ್ಲಿ ನಮಗೆಲ್ಲ ತುತ್ತು ಇಳಿಯಲಿಲ್ಲ. ನೀವು ಮಾತ್ರ ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡಿರಿ. ಇದು ನಿಮಗೆ ಹೇಗೆ ಸಾಧ್ಯವಾಯಿತು?” ಎಂದು ಶಿಷ್ಯ ಈರಯ್ಯ ಕೇಳಿದ.

ಆ ಗುರುಗಳು ಹಾಡು ಕಲಿಸುವವರು. ಒಂದು ಸ್ವರ ಜಾರಿದರೂ ಸಾಕು, ಕೈಯೆತ್ತಿ ತಡೆದು, “ಊಂಹೂಂ, ಮೊದಲಿಂದ” ಎನ್ನುವವರು. ಈಗ ಕಿವಿ ಮಂದವಾಗುತ್ತಿದೆ, ಸಣ್ಣ ತಪ್ಪುಗಳು ತಿಳಿಯುತ್ತಿಲ್ಲ ಎಂದು ತಾವೇ ಶಾಲೆ ಮುಚ್ಚಲು ನಿಶ್ಚಯಿಸಿದ್ದರು.

“ಪಾಯಸ ಚೆನ್ನಾಗಿತ್ತು, ಉಂಡೆ. ಅಷ್ಟು ಉತ್ತರ ಸಾಲದಿದ್ದರೆ ಒಂದು ಕತೆ ಹೇಳುತ್ತೇನೆ. ಹೆಂಡದ ಕತೆ. ಮುಖ ಸಿಂಡರಿಸಬೇಡ, ಕುಡಿ ಎಂದೆನೇ? ಕೇಳು ಎಂದೆ” ಎಂದು ಗುರುಗಳು ಶುರುಮಾಡಿದರು.

ಒಬ್ಬ ರಾಗಿ ಹೆಂಡ ಮಾಡಿ ಮಾರುತ್ತಿದ್ದ. ಸಣ್ಣ ಅಂಗಡಿ. ನಾಲ್ಕು ಗಡಿಗೆ, ಗಿರಾಕಿಗಳು ಕೂರಲು ಒಂದು ಜಗಲಿ. ರಾಗಿಯನ್ನು ತಾನೇ ನೆನೆಸಿ ಮೊಳಕೆ ಬರಿಸುತ್ತಿದ್ದ, ತಾನೇ ಬೀಸುತ್ತಿದ್ದ. ಪ್ರತಿ ಗಡಿಗೆಯಿಂದಲೂ ಮೊದಲು ತಾನೊಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಗೆಯ ಮೇಲೆ ಆಡಿಸಿ, ಉಗುಳುತ್ತಿದ್ದ. ಹುಳಿ ಹೆಚ್ಚಾಯಿತೇ, ಮೊಳಕೆ ಬಲಿತು ಕಹಿಯಾಯಿತೇ, ಅಷ್ಟನ್ನೇ ನೋಡುವುದು. ನುಂಗಿದರೆ ನಾಲಗೆ ಮರುಳಾಗಿ ತಪ್ಪು ತಿಳಿಯುವುದಿಲ್ಲ ಎಂದು ಅವನ ಲೆಕ್ಕ. ತಪ್ಪು ಕಂಡರೆ ಇಡೀ ಗಡಿಗೆಯನ್ನು ಎಮ್ಮೆಯ ಬಾನಿಗೆ ಸುರಿಯುತ್ತಿದ್ದ. ಆ ಊರಿನಲ್ಲಿ ಅವನ ಎಮ್ಮೆಯಷ್ಟು ಸುಖಪಟ್ಟ ಪ್ರಾಣಿ ಇನ್ನೊಂದಿರಲಿಲ್ಲ.

ಜನ ಕುಡಿದು, ಚೆನ್ನಾಗಿದೆ ಎನ್ನುತ್ತಿದ್ದರು. ಅವನಿಗೆ ನಂಬಿಕೆ ಬರುತ್ತಿರಲಿಲ್ಲ. ಸೌಟು ಹಿಡಿದವನ ಎದುರಿಗೆ ಚೆನ್ನಾಗಿಲ್ಲ ಎಂದು ಯಾರು ತಾನೇ ಹೇಳಿಯಾರು?

ವಯಸ್ಸಾಯಿತು. ಬೀಸುವ ಕೈಯಲ್ಲಿ ಕಸುವು ಉಳಿಯಲಿಲ್ಲ. ಅಂಗಡಿ ಮುಚ್ಚುತ್ತೇನೆ ಎಂದು ಎಲ್ಲರಿಗೂ ತಿಳಿಸಿದ. ಕಡೆಯ ದಿನ ಊರಿಗೆ ಊರೇ ಬಂತು. ನಗುನಗುತ್ತ ಬಗ್ಗಿಸಿ ಕೊಟ್ಟ, ಹೋಗಿಬನ್ನಿ ಎಂದು ಒಬ್ಬೊಬ್ಬರನ್ನೂ ಕಳಿಸಿದ. ಆದರೆ ಒಳಗೊಳಗೆ ಒಂದು ಮಾತು ಅವನನ್ನು ಕೊರೆಯುತ್ತಿತ್ತು. ಇಡೀ ಆಯುಷ್ಯ ಇದಕ್ಕೇ ಹೋಯಿತು. ಇದು ನಿಜವಾಗಿಯೂ ಚೆನ್ನಾಗಿತ್ತೇ?

ಕೊನೆಗೆ ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು ಉಳಿದಳು. ಅಂಗಡಿ ತೆರೆದಂದಿನಿಂದ ಬರುತ್ತಿದ್ದವಳು. ಗಡಿಗೆಯ ತಳದಲ್ಲಿ ಒಂದು ಸೌಟು ಉಳಿದಿತ್ತು. ಅದನ್ನು ಅವಳ ಕರಟಕ್ಕೆ ಬಗ್ಗಿಸಿ ಅವನು ಕೇಳಿಯೇಬಿಟ್ಟ: “ಅವ್ವಾ, ಇನ್ನು ನನ್ನ ಹತ್ತಿರ ಕೊಡಲು ಏನೂ ಇಲ್ಲ. ಈಗಲಾದರೂ ನಿಜ ಹೇಳು. ಇದು ಚೆನ್ನಾಗಿತ್ತೇ?”

ಮುದುಕಿ ಕರಟವನ್ನು ಅವನ ಕೈಗೇ ಕೊಟ್ಟಳು. ಅವನು ಎಂದಿನಂತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡ, ನಾಲಗೆಯ ಮೇಲೆ ಆಡಿಸಿದ, ಉಗುಳಲು ಪಕ್ಕಕ್ಕೆ ತಿರುಗಿದ. ಮುದುಕಿ ತಟ್ಟನೆ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಅಯ್ಯೋ ನಿನ್ನ! ನಾಳೆ ಯಾವ ಗಡಿಗೆಯನ್ನು ಸರಿಮಾಡಬೇಕಾಗಿದೆಯೋ? ನುಂಗೋ ಮಾರಾಯ!”

ಅವನು ನುಂಗಿದ. ಹೋಗಿ ಜಗಲಿಯ ಮೇಲೆ, ಗಿರಾಕಿಗಳು ಕೂರುವಲ್ಲಿ ಕೂತ. ಉಳಿದದ್ದನ್ನೂ ನಿಧಾನವಾಗಿ ಕುಡಿದ. “ಎಲಾ ಇದರ! ಎಷ್ಟು ಚೆನ್ನಾಗಿದೆಯಲ್ಲ!” ಎಂದ. ಅವನಿಗೆ ಬಹಳ ಸಂತೋಷವಾಯಿತು. ಕದ ಎಳೆದುಕೊಂಡು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಗುರುಗಳು ಕತೆ ನಿಲ್ಲಿಸಿದರು.

ಈರಯ್ಯ, “ಅವನಿಗೇನೋ ತಳದಲ್ಲಿ ಒಂದು ಸೌಟು ಉಳಿದಿತ್ತು. ನಿಮಗೆ ಏನು ಉಳಿದಿದೆ, ಗುರುಗಳೇ?” ಎಂದು ಕೇಳಿದ.

ಗುರುಗಳು ತಂಬೂರಿಯನ್ನು ತೆಗೆದು ಅವನ ಕೈಗೆ ಕೊಟ್ಟರು. ತಾವು ಎದ್ದು ಹೋಗಿ, ಶಿಷ್ಯರು ಕೂರುವ ಚಾಪೆಯ ಮೇಲೆ ಕೂತರು.

“ಹಾಡಪ್ಪ, ಇವತ್ತು ನಾನು ಬರೀ ಕೇಳುತ್ತೇನೆ.”

ಈರಯ್ಯ ತಂಬೂರಿ ಮೀಟಿ ಹಾಡತೊಡಗಿದ.