ಅಚ್ಚಿಲ್ಲದ ಗಂಟೆ

ಹೊಳೆಯಾಚೆಯ ಕಂಚಿನಕೇರಿ ಈ ಹುಣ್ಣಿಮೆಗೆ ಬೇರೊಬ್ಬ ಅರಸನ ಕೈಸೇರುವುದೆಂದು ಒಪ್ಪಂದವಾಯಿತು. ಅಲ್ಲಿನ ಕಸುಬುದಾರರೆಲ್ಲ ಗಂಟುಮೂಟೆ ಕಟ್ಟಿಕೊಂಡು, ಈಚೆ ದಡಕ್ಕೆ ದಾಟಲು ದಂಡೆಗೆ ಬಂದರು. ಹುಣ್ಣಿಮೆ ಕಳೆದರೆ ದೋಣಿ ಬಂದ್.

ಈಚೆ ದಡದ ಅರಸ ಚಂದಿಗದೇವ ಮೀಸೆ ತಿರುವಿದ. "ಕಸುಬು ಬಲ್ಲವನು ಮಾತ್ರ ಬರಲಿ. ಹೆಂಡತಿ, ತಾಯಿ ಅಂತ ಬರೀ ಉಣ್ಣೋ ಬಾಯಿಗಳು ಬೇಡ. ಗಟ್ಟಿಕಾಳು ನಮಗೆ, ಜೊಳ್ಳು ಅವರಿಗೆ. ಇಂಥ ಕಾನೂನು ಇನ್ಯಾವ ಅರಸನಿಗೆ ಹೊಳೆದೀತು?"

ಸುಂಕದ ಹೆಗ್ಗಡೆ ಪೋಚಯ್ಯ ಹೌದೌದೆಂದ. ಅಂದೇ ಗಂಟೆ ಎರಕದ ಮಾಣಿಕೋಜನೊಬ್ಬನನ್ನೇ ದೋಣಿ ಹತ್ತಿಸಿ, ಅವನ ಹೆಂಡತಿಯನ್ನೂ ಮುದಿ ತಾಯಿಯನ್ನೂ ಆಚೆ ದಂಡೆಯಲ್ಲೇ ಬಿಟ್ಟ. ಹುಣ್ಣಿಮೆಗೆ ಇನ್ನು ಮೂರೇ ದಿನ.

ಮಾಣಿಕೋಜ ಆಸ್ಥಾನದ ಕೇತಿಸೆಟ್ಟಿಯ ಮುಂದೆ ಹೋಗಿ ಅತ್ತ. ಅರಸನ ಹತ್ತಿರ ಸಲಿಗೆಯಿದ್ದ ಸೆಟ್ಟಿ ಕಣ್ಣೀರಿಗೆ ಕರಗುವ ಆಸಾಮಿಯಲ್ಲ. ಅಳು ಆಮೇಲಿರಲಿ, ನಿಮ್ಮ ಮನೆಯಲ್ಲಿ ಗಂಟೆ ಹೇಗೆ ಆಗುತ್ತದೆ ಹೇಳು ಎಂದ. ಪೂರ್ತಿ ಕೇಳಿದ ಮೇಲೆ, "ನಾಳೆ ಅರಮನೆಯಲ್ಲಿ ನಿನ್ನ ಪಾಲಿನ ಕೆಲಸವಷ್ಟೇ ಮಾಡು. ಬೇರೆಯವರ ಕೆಲಸಕ್ಕೆ ಕೈ ಹಾಕಿದೆಯೋ, ನನ್ನ ಬಾಗಿಲಿಗೆ ಬರಬೇಡ" ಎಂದ.

ಮರುದಿನ ಸೆಟ್ಟಿ ಅರಸನ ಕಾನೂನನ್ನು ಬಾಯ್ತುಂಬ ಹೊಗಳಿ, ಮೊದಲ ಗಟ್ಟಿಕಾಳನ್ನು ಸಭೆಯೆದುರೇ ಪರೀಕ್ಷಿಸೋಣವೆಂದ. ಅಂಗಳದಲ್ಲಿ ಕುಲುಮೆ ಹೂಡಿದರು. ಮಾಣಿಕೋಜ ತಿದಿ ಒತ್ತಿದ, ಕಂಚು ಕರಗಿಸಿದ, ಮೂಸೆ ಎತ್ತಿ ಸೀದಾ ಮರಳ ಮೇಲೆ ಸುರಿದುಬಿಟ್ಟ. ಕಂಚು ದೋಸೆಯ ಹಾಗೆ ಹರಡುತ್ತ ಹೊರಟಿತು. ಅರಸ ಎದ್ದು ಹಿಂದೆ ಸರಿದ. ಪೋಚಯ್ಯ ಪಂಚೆ ಎತ್ತಿಕೊಂಡು ಖಾಲಿಯಾದ ಗದ್ದುಗೆಯನ್ನೇ ಏರಿ ನಿಂತ.

"ಏನೋ ಇದು?" ಅರಸ ಕೇಳಿದ.

"ಗಂಟೆ, ಮಹಾಸ್ವಾಮಿ. ನನ್ನ ಪಾಲು ಇಷ್ಟೇ. ಮೇಣ ತಿದ್ದಿ ಮಣ್ಣಿನ ಅಚ್ಚು ಕಟ್ಟೋಳು ಹೆಂಡತಿ. ಉರಿಯ ಬಣ್ಣ ನೋಡಿ ಈಗ ಹೊಯ್ಯಿ ಅನ್ನೋಳು ಅವ್ವ. ಅವರಿಬ್ಬರೂ ಆಚೆ ದಂಡೇಲಿ ಕೂತಿದ್ದಾರೆ."

ಪೋಚಯ್ಯ ಗದ್ದುಗೆಯ ಮೇಲಿಂದಲೇ ತಕರಾರು ತೆಗೆದ. "ನಾಳೆ ಬರೋರೆಲ್ಲ ನಮ್ಮನೆಯವಳಿಗೂ ಕಸುಬು ಗೊತ್ತು ಅಂತಾರೆ. ನಿಜವೋ ಸುಳ್ಳೋ ತಿಳಿಯೋದು ಹೇಗೆ?"

"ಅದೇನು ಮಹಾ, ಹೆಗ್ಗಡೆಯವರೇ," ಎಂದ ಕೇತಿಸೆಟ್ಟಿ. "ಹೀಗೇ ಒಬ್ಬೊಬ್ಬನನ್ನೇ ಕರೆಸಿ ಎರಕ ಹೊಯ್ಸಿ. ತಾವು ಮಾತ್ರ ಹತ್ತಿರ ನಿಂತು ನೋಡಬೇಕು."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಸೆಟ್ಟಿಯ ಕೊರಳಿಗೆ ತನ್ನ ಹಾರ ಹಾಕಿ, ಇವತ್ತೇ ಅಷ್ಟೂ ದೋಣಿ ಬಿಡಿ, ಮನೆಮಂದಿಯೆಲ್ಲ ಬರಲಿ ಎಂದು ಅಪ್ಪಣೆ ಮಾಡಿದ. ಆಮೇಲೆ ಮೇಲೆ ನೋಡಿದ.

"ಪೋಚಯ್ಯ, ಹೊರಗಿನವರು ಒಳಗೆ ಬರೋ ವಿಚಾರ ಮುಗೀತು. ನೀನಿನ್ನು ನನ್ನ ಗದ್ದುಗೆ ಇಳಿ."