ಸೀಸೆಯಲ್ಲಿ ಸಾಲು ನಿಂತವರು

ಸೀಸೆಯ ನೀರಿನಲ್ಲಿ ಹಿಟ್ಟಿಗಿಂತ ನುಣ್ಣನೆಯ ಕಬ್ಬಿಣದ ಕಣಗಳಿದ್ದವು. ಬಿಸಿಲುಕೋಲೊಂದು ಬಂದು, "ದಾರಿ ಬಿಡಿ, ನಾನು ಸೂರ್ಯನ ಮನೆಯಿಂದ ಬಂದಿದ್ದೇನೆ" ಎಂದಿತು. ತಡೆಯಲೆಂದು ಕಣಗಳೆಲ್ಲ ಮುಗಿಬಿದ್ದವು. ಆ ನೂಕುನುಗ್ಗಲಿನಲ್ಲಿ ನೀರು ಕದಡಿತೇ ಹೊರತು ಬಿಸಿಲುಕೋಲು ನಿಲ್ಲಲಿಲ್ಲ; ನಗುತ್ತಾ ಸಂದಿಯಲ್ಲಿ ನುಸುಳಿಹೋಯಿತು.

ಸೀಸೆಯ ಪಕ್ಕದಲ್ಲಿದ್ದ ಅಯಸ್ಕಾಂತ ಗದರಿತು: "ಒಬ್ಬರ ಮೇಲೊಬ್ಬರು ಬೀಳಬೇಡಿ. ಸಾಲಾಗಿ ನಿಂತು ನಡುವೆ ಒಂದೇ ಅಳತೆಯ ಜಾಗ ಬಿಡಿ."

ಕಣಗಳು ಹಾಗೆಯೇ ನಿಂತವು. ಮರುದಿನ ಬಿಸಿಲುಕೋಲು ಅದೇ ಜಂಬದಲ್ಲಿ ಒಳಹೊಕ್ಕಿತು. ಆಚೆ ಬಂದು ನೋಡಿಕೊಂಡರೆ ಮೈಮೇಲೆ ಹಸಿರು ಬಣ್ಣವೇ ಇಲ್ಲ. ಆ ಹಸಿರೆಲ್ಲ ಬಂದ ದಾರಿಗೇ ಹೊರಳಿ, ಸೀಸೆ ಗಿಳಿಯ ರೆಕ್ಕೆಯಂತೆ ಹೊಳೆಯುತ್ತಿತ್ತು.

"ನನ್ನ ಹಸಿರನ್ನು ಹಿಡಿದವರು ಯಾರು?" ಎಂದು ಬಿಸಿಲುಕೋಲು ಕೇಳಿತು.

"ನಾವ್ಯಾರೂ ಮೈ ಮುಟ್ಟಲಿಲ್ಲ ಸ್ವಾಮಿ," ಎಂದವು ಕಣಗಳು. "ನಡುವೆ ಬಿಟ್ಟ ಜಾಗವೇ ತನ್ನ ಅಳತೆಗೆ ಹೊಂದುವ ಬಣ್ಣವನ್ನು ಹಿಂದಕ್ಕೆ ಕಳಿಸಿತು. ಜಾಗ ಅಗಲವಾದರೆ ಕೆಂಪು, ಕಿರಿದಾದರೆ ನೀಲಿ."

ಬಿಸಿಲುಕೋಲಿಗೆ ನಗು ಬಂತು. "ಹಾಗಾದರೆ ನಾಳೆ ಸಾಲು ಕೆಡಿಸದೆ ಇನ್ನಷ್ಟು ಒತ್ತಾಗಿ ನಿಲ್ಲಿ. ನೀಲಿಯನ್ನೂ ಕೊಟ್ಟುಹೋಗುತ್ತೇನೆ."